ಎಪ್ಪತ್ತೊಂದನೆಯವಳು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಕಷ್ಟಪಟ್ಟು ಒಂದು ಕೆಲಸ ಮುಗಿಸಿದಾಗ ನನ್ನ ಎದೆ ಉಬ್ಬುತ್ತದೆ. ಇದೂ ಅಹಂಕಾರವೇ? ಇದನ್ನೂ ಬಿಡಬೇಕೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಬೀದರ್ ಕಡೆಯ ಒಬ್ಬ ನರ್ಸ್ ಇದ್ದಳು. ಹೆಸರು ಮಹಾನಂದಾ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಕಡಲತೀರದ ಒಂದು ಊರಿಗೆ ವರ್ಗವಾಯಿತು. ಅದಕ್ಕೆ ಮೊದಲು ಅವಳು ಕಡಲನ್ನು ಕಂಡವಳೇ ಅಲ್ಲ. ಆಸ್ಪತ್ರೆ ಗುಡ್ಡದ ಬುಡದಲ್ಲಿತ್ತು, ಮನೆಗಳು ಮೇಲಿದ್ದವು. ನಡುವೆ ಕಲ್ಲಿನ ಮೆಟ್ಟಿಲುಗಳು.

ಬಂದ ಎರಡನೆಯ ವಾರ ಮೇಲಿನ ಮನೆಯೊಂದರಿಂದ ಕರೆ ಬಂತು. ಹೆರಿಗೆ ನೋವು ಶುರುವಾಗಿತ್ತು. ಮಹಾನಂದಾ ಚೀಲ ಹಿಡಿದು ಹೊರಟಳು. ಅವಳ ಮೈ ಭಾರವಾಗಿತ್ತು. ಮೂರು ಕಡೆ ಕುಳಿತಳು. ಮೂರನೆಯ ಬಾರಿ ಕುಳಿತಾಗ ಮೇಲಿನಿಂದ ಮಗುವಿನ ಅಳು ಕೇಳಿಸಿತು. ಪಕ್ಕದ ಮನೆಯ ಹೆಂಗಸೇ ಹೆರಿಗೆ ಮಾಡಿಸಿದ್ದಳು. ಮಗುವಿನ ಕುತ್ತಿಗೆಗೆ ಸುತ್ತಿದ್ದ ಹೊಕ್ಕುಳಬಳ್ಳಿಯನ್ನೂ ಅವಳೇ ಬಿಡಿಸಿದ್ದಳು. ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತ ನರ್ಸನ್ನು ನೋಡಿ ಆ ಮನೆಯವರು ಗಾಬರಿಯಾದರು. ಬಾಣಂತಿಗಿಂತ ಮೊದಲು ಅವಳಿಗೆ ನೀರು ಕೊಟ್ಟರು.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಮರುದಿನ ಬೆಳಿಗ್ಗೆಯೇ ಅವಳು ಮರಳಿನ ಮೇಲೆ ನಡೆಯಲು ಹೋದಳು. ಮೊದಲ ದಿನ ಹತ್ತು ದೋಣಿಗಳನ್ನು ದಾಟುವಷ್ಟು ದೂರ. ಎರಡು ತಿಂಗಳಿಗೆ ದಂಡೆಯ ಕೊನೆಯವರೆಗೆ. ಆಮೇಲೆ ಓಡತೊಡಗಿದಳು. ಆಸ್ಪತ್ರೆಯ ಹಿಂದೆ ತುಕ್ಕು ಹಿಡಿದು ಬಿದ್ದಿದ್ದ ಸೈಕಲ್ಲನ್ನು ರಿಪೇರಿ ಮಾಡಿಸಿ, ದೂರದ ಕೇರಿಗಳಿಗೆ ಅದರಲ್ಲೇ ಹೋಗಿ ಲಸಿಕೆ ಹಾಕಿ ಬಂದಳು. ವರ್ಷ ತುಂಬುವ ಹೊತ್ತಿಗೆ ಆ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತುತ್ತಿದ್ದಳು.

ಆಗ ಊರಿನಲ್ಲಿ ಟ್ರಯಥ್ಲಾನ್ ನಡೆಯುತ್ತದೆಂದು ಗೋಡೆಗೆ ಕಾಗದ ಅಂಟಿಸಿದರು. ಕಡಲಲ್ಲಿ ಮುಕ್ಕಾಲು ಕಿಲೋಮೀಟರ್ ಈಜಬೇಕು, ಸೈಕಲ್ಲಿನಲ್ಲಿ ಇಪ್ಪತ್ತು, ಕೊನೆಗೆ ಐದು ಕಿಲೋಮೀಟರ್ ಓಟ. ಮೂರನ್ನೂ ಒಂದೇ ಪಟ್ಟಿಗೆ, ಎರಡೂವರೆ ಗಂಟೆಯೊಳಗೆ ಮುಗಿಸಬೇಕು. ಮಹಾನಂದಾ ಹೆಸರು ಬರೆಸಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ಐದು ತಿಂಗಳು ಸಮಯವಿತ್ತು.

ಜಟ್ಟಪ್ಪನೆಂಬ ಮುದುಕ ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ. ಮೀನು ಹಿಡಿಯುವ ಕೆಲಸವನ್ನು ಮಕ್ಕಳಿಗೆ ಬಿಟ್ಟುಕೊಟ್ಟವನು. ಅವಳು ಅವನ ಬಳಿಗೆ ಹೋದಳು. ಮೊದಲ ವಾರವೆಲ್ಲ ಸೊಂಟದುದ್ದದ ನೀರಿನಲ್ಲೇ ಕೈಕಾಲು ಬಡಿದು, ಉಪ್ಪುನೀರು ಕುಡಿದು ಕೆಮ್ಮಿದಳು.

"ನೀರಿಗೆ ನಿನ್ನ ಮೇಲೆ ಸಿಟ್ಟಿಲ್ಲ ಸಿಸ್ಟರಮ್ಮ," ಎಂದ ಜಟ್ಟಪ್ಪ. "ನೀನೇ ಅದರ ಸಂಗ್ತಿ ಜಗಳ ಮಾಡ್ತೆ. ಅಂಗಾತ ಮಲಕೋ. ಮೊದ್ಲು ಮಲಗೂದು ಕಲಿ."

ಅವಳು ಮಲಗಲು ಕಲಿತಳು. ಆಮೇಲೆ ಈಜಲು.

ಸ್ಪರ್ಧೆಯ ದಿನ ಎಪ್ಪತ್ತೊಂದು ಮಂದಿ ನೀರಿಗಿಳಿದರು. ಅರ್ಧ ದಾರಿಯಲ್ಲಿ ಒಂದು ಅಲೆ ಅವಳ ಬಾಯಿ ತುಂಬಿತು. ಉಸಿರು ಕಟ್ಟಿತು. ಮುಂದಿನವರು ಕಾಣಲಿಲ್ಲ, ಹಿಂದೆ ಯಾರೂ ಇರಲಿಲ್ಲ. ಕಾವಲಿನ ದೋಣಿ ಹತ್ತಿರ ಬಂತು. ದೋಣಿಯವನು ಕೈ ಚಾಚಿದ. ಆ ಕೈ ಹಿಡಿದು ಹತ್ತಿದರೆ ಸ್ಪರ್ಧೆ ಅಲ್ಲಿಗೆ ಮುಗಿಯುತ್ತದೆ.

"ಬ್ಯಾಡ್ರೀ," ಎಂದಳು ಮಹಾನಂದಾ. "ಒಂದೀಟು ಮಲಗ್ತೀನಿ, ಆಮ್ಯಾಲೆ ಹೋಗ್ತೀನಿ."

ನಡುಗಡಲಲ್ಲಿ ಮಲಗುತ್ತೇನೆಂದವಳನ್ನು ದೋಣಿಯವನು ನೋಡುತ್ತಲೇ ಇದ್ದ. ಅವಳು ಅಂಗಾತ ಮಲಗಿ, ಆಕಾಶ ನೋಡಿ, ಉಸಿರು ಕೂಡಿಸಿಕೊಂಡಳು. ಆಮೇಲೆ ಹೊರಳಿ ಮತ್ತೆ ಕೈ ಬೀಸಿದಳು.

ದಡಕ್ಕೆ ಬಂದಾಗ ಉಳಿದಿದ್ದುದು ಅವಳದೊಂದೇ ಸೈಕಲ್. ಓಟಕ್ಕಿಳಿದಾಗ ದಾರಿಯಲ್ಲಿ ನೀರು ಕೊಡುವವರು ಮೇಜು ಮಡಚುತ್ತಿದ್ದರು. ಅವಳನ್ನು ಕಂಡು ಮತ್ತೆ ಬಿಡಿಸಿದರು. ಕೊನೆಯ ತಿರುವಿನಲ್ಲಿ ಅವಳ ಕಾಲು ಸೆಳೆದುಕೊಂಡಿತು. ಕುಂಟುತ್ತಲೇ ಓಡಿದಳು. ಎರಡೂವರೆ ಗಂಟೆಯ ಗಡುವು ತುಂಬಲು ಇನ್ನೂ ನಾಲ್ಕು ನಿಮಿಷವಿರುವಾಗ ಗೆರೆ ದಾಟಿದಳು. ಜಟ್ಟಪ್ಪ ತಲೆಯ ಮೇಲಿನ ಟೊಪ್ಪಿ ತೆಗೆದು ಗಾಳಿಗೆ ಎಸೆದ.

ಮುಗಿಸಿದವರಿಗೆಲ್ಲ ಒಂದೊಂದು ಪದಕ ಕೊಟ್ಟಿದ್ದರು. ಮರುದಿನ ಮಹಾನಂದಾ ಅದನ್ನು ಬಿಳಿಯ ಸಮವಸ್ತ್ರದ ಮೇಲೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಚುಚ್ಚುಮದ್ದು ಹಾಕುವಾಗ ಅದು ರೋಗಿಗಳ ಮೂಗಿಗೆ ತಾಗುತ್ತಿತ್ತು, ಆದರೂ ತೆಗೆಯಲಿಲ್ಲ. ಸಂಜೆ ಅದನ್ನು ಹಾಕಿಕೊಂಡೇ ಮೀನುಪೇಟೆಗೆ ಹೋದಳು. ಎಷ್ಟನೆಯವಳಾಗಿ ಬಂದೆ ಎಂದು ಹೆಂಗಸರು ಕೇಳಿದರು. ಅವಳು ದನಿ ತಗ್ಗಿಸಲಿಲ್ಲ. ಇಡೀ ಪೇಟೆಗೆ ಕೇಳುವಂತೆ ಹೇಳಿದಳು:

"ಎಪ್ಪತ್ತೊಂದು ಮಂದಿ ಇದ್ವಿ. ನಾ ಎಪ್ಪತ್ತೊಂದನೇದಾಕಿ!"

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಎಲ್ಲರಿಗಿಂತ ಕೊನೆಗೆ ಬಂದು ಊರೆಲ್ಲ ಸಾರಿಕೊಂಡು ತಿರುಗುವುದೇ? ಇದು ಅಹಂಕಾರವಲ್ಲದೆ ಇನ್ನೇನು ಗುರುಗಳೇ?"

"ಹಾಗಾದರೆ," ಎಂದರು ಗುರುಗಳು, "ಅವಳು ಯಾರನ್ನು ತನಗಿಂತ ಕೆಳಗೆ ನಿಲ್ಲಿಸಿದಳು, ತೋರಿಸು."

ಶಿಷ್ಯ ಮನಸ್ಸಿನಲ್ಲೇ ಎಪ್ಪತ್ತೊಂದನೆಯವಳ ಕೆಳಗೆ ಹುಡುಕಿದ. ಅಲ್ಲಿ ಯಾರೂ ಇರಲಿಲ್ಲ.