ಬಳೆ ತೊಡಿಸುವವಳ ನೋಟ

"ನಿನ್ನ ಕಣ್ಣು ಊರೆಲ್ಲ ಅಲೀತಾವ. ಬಳಿ ನಿನ್ನ ಕೈಗೆ ಒಲಿಯಂಗಿಲ್ಲ" ಎಂದು ನಿಂಬವ್ವನಿಗೆ ಹೇಳಿದವಳು ಅವಳ ಅತ್ತೆಯೇ. ಬಳೆಗಾರರ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಿಂಬವ್ವ ಒಡೆದ ಬಳೆಗಳಿಗೆ ಲೆಕ್ಕವಿಲ್ಲ. ಅತ್ತೆ ಬೈದಳೇ ಹೊರತು ಕಲಿಸಲಿಲ್ಲ. ನಿಂಬವ್ವ ಹಟ ಹಿಡಿದು ತಾನೇ ಕಂಡುಕೊಂಡಳು. ಕಣ್ಣು ಗೆಣ್ಣಿನ ಮೇಲಿದ್ದರೆ ಬೆರಳಿಗೆ ಎಲುಬಿನ ಸಂದು ಸಿಗುತ್ತದೆ. ಕಣ್ಣು ಬಾಗಿಲಿಗೆ ಹೋದರೆ ಬೆರಳೂ ಮಂಕಾಗುತ್ತದೆ. ತೊಡುವವರದು ಇದಕ್ಕೆ ಉಲ್ಟಾ. ತಮ್ಮ ಕೈಯನ್ನೇ ನೋಡುತ್ತ ಕೂತರೆ ನೋವು ಹೆಚ್ಚಿ ಕೈ ಬಿಗಿಯುತ್ತದೆ.

ವರ್ಷಗಳು ಕಳೆದವು. ನಿಂಬವ್ವನ ಕಣ್ಣಿಗೆ ಪೊರೆ ಬಂತು, ಸೊಂಟ ಸೋತಿತು. ಆದರೂ ಒಂದು ಮದುವೆ ಮನೆಯವರು ಕರೆದಾಗ ಇಲ್ಲವೆನ್ನಲಿಲ್ಲ.

ಮದುಮಗಳು ರೋಹಿಣಿಯದು ದಪ್ಪ ಗೆಣ್ಣಿನ ಕೈ. ಮನೆಯವರು ತಂದ ಹಸಿರು ಗಾಜಿನ ಬಳೆಗಳು ಬಿಗಿ. ಮದುವೆಯ ಬಳೆ ಒಡೆದರೆ ಮುಂದೆ ಗಂಡನ ಮನೆಯಲ್ಲಿ ಏನೇ ಕೆಟ್ಟರೂ ಅದನ್ನು ಆ ಹುಡುಗಿಯ ತಲೆಗೇ ಕಟ್ಟುತ್ತಾರೆ. ರೋಹಿಣಿ ಹೆದರಿ ಕೂತಿದ್ದಳು.

ನಿಂಬವ್ವ ಮೊದಲ ಬಳೆ ಏರಿಸುತ್ತಿದ್ದಾಗ ವಿಡಿಯೊ ತೆಗೆಯುವವನು ಇತ್ತ ನೋಡಿ ಎಂದ. ದಣಿದಿದ್ದ ನಿಂಬವ್ವ ಮೈಮರೆತು ತಲೆಯೆತ್ತಿದಳು. ಅಷ್ಟರಲ್ಲಿ ಬಳೆ ಗೆಣ್ಣಿಗೆ ಸಿಕ್ಕಿಕೊಂಡಿತು. ಇನ್ನು ಸ್ವಲ್ಪ ಒತ್ತಿದರೂ ಚೂರು.

ನಿಂಬವ್ವ ಒತ್ತಲಿಲ್ಲ. ತಲೆ ತಗ್ಗಿಸಿ ಆ ಕೈಯನ್ನೇ ದಿಟ್ಟಿಸಿದಳು. ಕಂಡದ್ದು ಬರೀ ಮಂಜು.

"ಹೆಂಗೂ ಕಾಣಂಗಿಲ್ಲ, ಏನ್ ನೋಡ್ತಿ ಬೇ?" ಎಂದಳು ರೋಹಿಣಿಯ ಸೋದರತ್ತೆ.

"ಕಾಣಲಿ ಬಿಡಲಿ, ಕಣ್ಣು ತಿರುಗಿದ ಕಡೀಗೇ ಬೆರಳಿಗೆ ಜೀವ ಬರತೈತ್ರಿ." ಆಮೇಲೆ ಮದುಮಗಳಿಗೆ ಮೆಲ್ಲಗೆ ಹೇಳಿದಳು: "ನೀ ಇಲ್ಲಿ ನೋಡಬ್ಯಾಡವ್ವ. ನಿಮ್ಮತ್ತಿ ಮೂಗು ನೋಡು. ಸಿಟ್ಟಿಗೆ ಎಷ್ಟು ಅಗಲ ಆಗೇತಿ ಹೇಳು."

ರೋಹಿಣಿ ಅತ್ತೆಯ ಮೂಗು ನೋಡಿದಳು, ನಕ್ಕಳು. ಕೈ ಮೆತ್ತಗಾಯಿತು. ನಿಂಬವ್ವನ ಬೆರಳಿಗೆ ಸಂದು ಸಿಕ್ಕಿತು. ಬಳೆ ಜಾರಿ ಮಣಿಕಟ್ಟಿಗೆ ಇಳಿಯಿತು. ಅದರ ಹಿಂದೆ ಉಳಿದವೂ ಇಳಿದವು, ಒಂದೂ ಒಡೆಯಲಿಲ್ಲ.

ಈಗ ಪೇಟೆಯಲ್ಲಿ ನಿಂಬವ್ವನ ಹೆಸರಿನಲ್ಲೇ ಬಳೆ ಅಂಗಡಿಯಿದೆ. ಅವಳ ಬೆರಳ ತುಂಬ ಗಾಜು ಕುಯ್ದ ಗೆರೆಗಳಿವೆ. ಕೈ ಮುಟ್ಟಿದರೆ ಸಾಕು, ಯಾರ ಮನೆಯ ಹೆಣ್ಣೆಂದು ಹೇಳುತ್ತಾಳೆ. ಕಣ್ಣಿಗೆ ಪೊರೆ ಬರುವ ಮೊದಲು ಸ್ವಂತ ಮಗಳಿಗೆ ಮದುವೆಯ ಬಳೆ ತೊಡಿಸಿದವಳೂ ಅವಳೇ. ಆ ದಿನ ಮಗಳ ಮುಖ ಹೇಗಿತ್ತು ಎಂದು ಕೇಳಿದರೆ ಮಾತ್ರ ಅವಳಿಗೆ ಗೊತ್ತಿಲ್ಲ. ಅವಳು ಕೈ ನೋಡುತ್ತಿದ್ದಳು.

ನೀತಿ: ಕಣ್ಣು ಇಟ್ಟ ಕಡೆಯೇ ಕೈಗೂ ಅರಿವು ಹುಟ್ಟುತ್ತದೆ. ಆದರೆ ಒಂದು ಕಡೆ ಇಟ್ಟ ಗಮನ ಇನ್ನೊಂದು ಕಡೆಯಿಂದ ತೆಗೆದದ್ದೇ ಆಗಿರುತ್ತದೆ. ಎಲ್ಲಿಂದ ತೆಗೆಯುತ್ತಿದ್ದೇವೆ ಎಂಬುದು ತಿಳಿದಿರಲಿ.