ಗಾಣದೆತ್ತು ಕೇಳಿದ ಒಂದೇ ಕೂಲಿ

ಗಾಣಕ್ಕೆ ಹೊಸದಾಗಿ ಕಟ್ಟಿದ ಎತ್ತು ಮಧ್ಯಾಹ್ನಕ್ಕೇ ನಿಂತುಬಿಟ್ಟಿತು. ಗಾಣಿಗ ಗುರುಶಾಂತಪ್ಪ ಕೋಲೆತ್ತಿದ.

“ಹೊಡೆಯಿರಿ ಒಡೆಯರೇ,” ಎಂದಿತು ಎತ್ತು. “ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೆಳಗಿನಿಂದ ನಡೆದೆ. ಯಾವ ಊರೂ ಬರಲಿಲ್ಲ. ಇನ್ನು ನಡೆಯಲಾರೆ.”

“ಊರಿಗೆ ಹೊರಟಿದ್ದೇನೆ ಅಂದುಕೊಂಡೆಯಾ? ಹೇಳದೇ ಇದ್ದದ್ದು ನನ್ನ ತಪ್ಪು,” ಎಂದು ಗುರುಶಾಂತಪ್ಪ ಕೋಲಿಳಿಸಿ ಬಟ್ಟೆ ಬಿಚ್ಚಿದ.

ಗಾಣದ ಕೆಳಗಿನ ಗಡಿಗೆಯಲ್ಲಿ ಎಳ್ಳೆಣ್ಣೆ ಮಿನುಗುತ್ತಿತ್ತು. ಮೊಮ್ಮಗುವಿನ ಮೈಗೆ ಹಚ್ಚಲು ಎಣ್ಣೆ ಬೇಕೆಂದು ಅಜ್ಜಿಯೊಬ್ಬಳು ಕಾದು ಕೂತಿದ್ದಳು.

“ಇಷ್ಟೆಲ್ಲ ತೆಗೆದದ್ದು ಯಾರು?” ಎಂದಿತು ಎತ್ತು.

“ನೀನೇ.”

ಎತ್ತು ತಾನಾಗಿಯೇ ನೊಗಕ್ಕೆ ಹೆಗಲು ಕೊಟ್ಟಿತು. “ಬಟ್ಟೆ ಕಟ್ಟಿಬಿಡಿ ಒಡೆಯರೇ, ಸುತ್ತುವಾಗ ತಲೆ ತಿರುಗುತ್ತದೆ. ಗಡಿಗೆ ತುಂಬಿದಾಗ ಮಾತ್ರ ಬಿಚ್ಚಿ ತೋರಿಸಿ.”

ಗುರುಶಾಂತಪ್ಪ ಮಾತು ತಪ್ಪಲಿಲ್ಲ. ಅವನ ಕೋಲು ಅಂದಿನಿಂದ ಬಾಗಿಲ ಅಗುಳಿಯಾಯಿತು.