ನೆಗ್ಗಿಲ ಹೂವಿನ ಐದನೆಯ ಎಸಳು

ಶಿಷ್ಯೆ ಕೇಳಿದಳು: "ಗುರುಗಳೇ, ನಾಳೆಯಿಂದ ಬೇರೆ ಊರಿನಲ್ಲಿ ನಾನು ಪಾಠ ಹೇಳಬೇಕು. ನಿಮ್ಮ ಮಾತಿಗೆ ನನ್ನದು ಒಂದಕ್ಷರವೂ ಬೆರೆಯದ ಹಾಗೆ ಕಾಪಾಡುವುದು ಹೇಗೆ?"

ಗುರುಗಳು ಹೇಳತೊಡಗಿದರು.

ಒಬ್ಬ ರೈತನ ಹೆಂಡತಿ ಕಸೂತಿ ಹಾಕುತ್ತಿದ್ದಳು. ಊರಿನ ಉಳಿದ ಹೆಂಗಸರು ಗೋಪುರ, ಆನೆ, ನವಿಲು ಹಾಕುತ್ತಿದ್ದರು. ಇವಳು ಮಾತ್ರ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಹೂಗಳನ್ನು ನೋಡಿ ಹಾಕುತ್ತಿದ್ದಳು. ಮಗಳು ಹುಟ್ಟಿದಾಗ ಅರಳಿದ್ದ ತುಂಬೆ ಮಗುವಿನ ಕುಲಾವಿಯ ಮೇಲೆ ಕೂತಿತು. ಅತ್ತೆ ತೀರಿಕೊಂಡ ವರ್ಷದ ತಂಗಡಿ ಹೂವು ದಿಂಬಿನ ಮೇಲಿತ್ತು. ಆ ಮನೆಯಲ್ಲಿ ಯಾವುದು ಯಾವಾಗ ನಡೆಯಿತು ಎಂದು ಕೇಳಿದರೆ ಬಟ್ಟೆ ತೆಗೆದು ತೋರಿಸುತ್ತಿದ್ದರು.

ಮಗಳ ಮದುವೆ ಗೊತ್ತಾಯಿತು. ತಾಯಿ ಮದುವೆ ಸೀರೆಯ ಸೆರಗಿಗೆ ಒಂದು ಹೂವು ಹಾಕತೊಡಗಿದಳು. ಅದು ಮುಗಿಯುವ ಮೊದಲೇ ತೀರಿಕೊಂಡಳು.

ಮಗಳು ಬೇರೆ ಸೀರೆ ಉಟ್ಟು ಮದುವೆಯಾದಳು. ಆ ಸೀರೆಯನ್ನು ಗಂಡನ ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟಳು. ಯಾರಿಗಾದರೂ ಚುಚ್ಚೀತೆಂದು ಸೂಜಿಯನ್ನಷ್ಟೇ ತೆಗೆದಳು, ದಾರ ಜೋತಾಡುತ್ತಲೇ ಇತ್ತು. ಮನೆಗೆ ಬಂದವರಿಗೆಲ್ಲ ಸೀರೆ ಬಿಚ್ಚಿ ತೋರಿಸುವಳು. "ನಮ್ಮವ್ವ ಕಡೆಗೆ ಮುಟ್ಟಿದ್ದು. ಯಾರೂ ಮುಟ್ಟಬ್ಯಾಡ್ರಿ" ಎನ್ನುವಳು. ತಾನೂ ಅಂದಿನಿಂದ ಸೂಜಿ ಹಿಡಿಯಲಿಲ್ಲ.

ಒಂದು ದಿನ ತಾಯಿಯ ತಂಗಿ ಬಂದಳು. ಸೆರಗು ನೋಡಿದವಳೇ ಕೇಳಿದಳು:

"ಇನ್ನೊಂದು ಎಸಳು ಎಲ್ಲೈತಿ?"

"ಮೊದಲಿಂದಲೂ ನಾಕೇ ಅಲ್ಲೇನು ಚಿಗವ್ವಾ?"

"ನೆಗ್ಗಿಲ ಹೂವು ಇದು. ನಿಮ್ಮವ್ವ ಹಾಕುವಾಗ ನಾ ಪಕ್ಕದಾಗೇ ಕೂತಿದ್ದೆ."

"ನೆಗ್ಗಿಲ ಮುಳ್ಳಿಗೂ ಹೂವು ಬಿಡ್ತದೇನು?"

"ಇಷ್ಟು ವರ್ಷ ಎಲ್ಲಾರಿಗೂ ಏನಂತ ತೋರಿಸಿದಿ ಮತ್ತೆ?" ಎಂದು ಚಿಗವ್ವ ನಕ್ಕಳು. ಆಮೇಲೆ ಹೇಳಿದಳು: "ಕಸೂತಿಗೆ ಗಂಟು ಹಾಕೋದಿಲ್ಲವ್ವಾ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ತಿರುಗಿ ಬರುವಾಗ ಬಿಟ್ಟಲ್ಲೆಲ್ಲ ತುಂಬಬೇಕು. ಆವಾಗ ದಾರ ನಿಲ್ತದ. ನಿಮ್ಮವ್ವ ಹೋಗುವ ಹಾದಿ ಅಷ್ಟೇ ಹಾಕಿ ಹೋದಳು. ಸೀರೆ ಬಿಚ್ಚಿದಾಗೆಲ್ಲ ನಿನ್ನ ಬಳೆಗೆ ದಾರ ಸಿಕ್ಕು ಐದನೇ ಎಸಳು ಜಾರಿ ಹೋಗೈತಿ."

"ಇದ್ದಷ್ಟಕ್ಕೆ ಒಂದು ಗಂಟು ಹಾಕಿಬಿಡಲಾ?"

"ಹಾಕು. ಸೆರಗು ಹೊರಳಿಸಿ ನೋಡಿದವರು ನಿಮ್ಮವ್ವಗೇ ನಗ್ತಾರ."

"ನಾ ಕೈ ಹಾಕಿದರ ಅವ್ವಂದು ಕೆಡ್ತದ."

"ಪೆಟ್ಟಿಗೆಯಾಗ ಸುಧಾರಿಸಾಕತ್ತೈತೇನು?"

ಆದರೂ ನಾಲ್ಕೇ ಎಸಳು ಎಂಬ ಮಗಳ ಹಟ ಹೋಗಲಿಲ್ಲ. ಬದುವಿಗೆ ನಡೆದಳು. ಹೂವು ಕಾಣುವ ಮೊದಲೇ ಮುಳ್ಳು ಕಾಲಿಗೆ ನೆಟ್ಟಿತು. ಅದನ್ನು ಕೀಳಲು ಅಲ್ಲೇ ಕೂತಳು. ಕೂತಾಗ ಕಂಡಿತು, ನೆಲಕ್ಕೆ ಅಂಟಿಕೊಂಡ ಬಳ್ಳಿಯಲ್ಲಿ ಉಗುರಿನಷ್ಟು ಹಳದಿ ಹೂವು. ನಿಂತವರಿಗೆ ಅದು ಕಾಣುವುದಿಲ್ಲ. ತಾಯಿಯೂ ಮುಳ್ಳು ಕೀಳಲು ಕೂತೇ ಅದನ್ನು ನೋಡಿರಬೇಕು. ಹೂವಿಗೆ ಐದು ಎಸಳಿದ್ದವು.

ಮನೆಗೆ ಬಂದು ಜೋತಾಡುತ್ತಿದ್ದ ದಾರವನ್ನು ಸೂಜಿಗೆ ಪೋಣಿಸಿದಳು. ತಾಯಿ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಹಿಂದಕ್ಕೆ ಬಂದಳು. ನಾಲ್ಕು ಎಸಳು ಮುಗಿದವು. ಐದನೆಯದಕ್ಕೆ ದಾರ ಸಾಲದೆಂದು ಅಂಜಿದ್ದಳು. ಆದರೆ ಬಿಚ್ಚಿಹೋದ ಎಸಳಿನ ದಾರ ಎಲ್ಲಿಯೂ ಹೋಗಿರಲಿಲ್ಲ, ಅವಳ ಕೈಯಲ್ಲೇ ಉಳಿದಿತ್ತು. ತಾನು ಕಂಡ ಹಾಗೆ ಎಸಳು ಹಾಕಿದಳು, ಹೋದಳು, ಬಂದಳು. ದಾರ ಸರಿಹೋಯಿತು.

ಚಿಗವ್ವ ಸೆರಗನ್ನು ಹಿಂದೆ ಮುಂದೆ ಹೊರಳಿಸಿ ನೋಡಿದಳು. "ಇನ್ನ ಉಟ್ಟುಕೋ" ಎಂದಳು. ಮಗಳು ಉಟ್ಟಳು.

ಕತೆ ಮುಗಿಯಿತು. ಶಿಷ್ಯೆಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಮುಂದೆ ಆ ಹೂವನ್ನು ನೋಡುವವರಿಗೆ ತಾಯಿಯ ಹೊಲಿಗೆ ಯಾವುದು, ಮಗಳದು ಯಾವುದು ಎಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು: "ಆ ಒಂದೇ ದಾರದಲ್ಲಿ ತಾಯಿಯದನ್ನು ಮಾತ್ರ ಎಳೆದು ತೆಗೆದು ತೋರಿಸು."